ಒಂಬತ್ತನೇ ಕ್ಲಾಸಿಗೆ ಆನ್‌ಲೈನ್ ಕೋರ್ಸ್ ಬೇಕಾ?

ಮೇಡಂ, ಮನೆ ಮೂಡಿಗೆರೆ ಹತ್ತಿರದ ತೋಟದಲ್ಲಿ, ಮಳೆ ಹಿಡಿದರೆ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಆದರೂ ಮಗಳನ್ನು ಆನ್‌ಲೈನ್ ಲೈವ್ ಕ್ಲಾಸಿಗೆ ಸೇರಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಜುಲೈನಲ್ಲಿ ಅರ್ಧ ಪಾಠ ತಪ್ಪುತ್ತದೆ, ಮಗುವಿಗೆ ಸುಮ್ನೆ ಬೇಜಾರು.

ಮೊದಲು ಅವಳ ಪಠ್ಯಪುಸ್ತಕ ತೆಗೆದು ನೋಡಿ. ಪಾಠದ ಜೊತೆ ಕ್ಯೂಆರ್ ಕೋಡ್ ಇದ್ದರೆ ದೀಕ್ಷಾ ಎಂಬ ಕಲಿಕೆಯ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಆ ಪಾಠದ ವಿಡಿಯೋ ಮುಂತಾದವು ಸಿಗುತ್ತವೆ. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ. ಪೇಟೆಗೆ ಹೋದಾಗ ಸಿಗ್ನಲ್ ಚೆನ್ನಾಗಿರುವ ಕಡೆ ಡೌನ್‌ಲೋಡ್ ಮಾಡಿಕೊಂಡರೆ ಮನೆಯಲ್ಲಿ ನೆಟ್ ಇಲ್ಲದೆಯೂ ನೋಡಬಹುದು. ಗಣಿತಕ್ಕೆ ಖಾನ್ ಅಕಾಡೆಮಿ ಎಂಬ ಉಚಿತ ಕಲಿಕೆಯ ವೆಬ್‌ಸೈಟಿನಲ್ಲಿ ಕನ್ನಡದಲ್ಲೂ ಪಾಠಗಳಿವೆ.

ಆದರೆ ನೋಡುವ ರೀತಿ ಮುಖ್ಯ. ವಿಡಿಯೋ ನೋಡುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ, ಅಲ್ವಾ? ರೇಖಾತ್ಮಕ ಸಮೀಕರಣದ ಲೆಕ್ಕ ಬಂತು ಅಂದುಕೊಳ್ಳಿ. ಪ್ರಶ್ನೆ ಕಾಣಿಸಿದ ಕೂಡಲೇ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ ಅವಳೇ ಬಿಡಿಸಲಿ. ಆಮೇಲೆ ಉತ್ತರ ನೋಡಲಿ. ಎಲ್ಲಿ ಸಿಕ್ಕಿಬಿದ್ದಳೋ ಆ ಸಾಲಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಮರುದಿನ ಶಾಲೆಯಲ್ಲಿ ಟೀಚರಿಗೆ ಅದೇ ಸಾಲು ತೋರಿಸಲಿ. 'ಗಣಿತ ಅರ್ಥ ಆಗ್ತಿಲ್ಲ' ಎಂದರೆ ಅವರು ಎಲ್ಲಿಂದ ಹೇಳಿಕೊಡಬೇಕು ಪಾಪ! ಒಂದು ಸಾಲು ತೋರಿಸಿದರೆ ತಕ್ಷಣ ಹೇಳುತ್ತಾರೆ.

ದುಡ್ಡು ಕೊಟ್ಟೇ ಸೇರಿಸುವುದಾದರೆ ರೆಕಾರ್ಡ್ ಆದ ಪಾಠ ಡೌನ್‌ಲೋಡ್ ಆಗುತ್ತಾ, ರಾಜ್ಯ ಸಿಲಬಸ್ಸಾ, ಕನ್ನಡದಲ್ಲಿದೆಯಾ ಕೇಳಿ. ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ. ಕಂತು ಅಂತ ಸಾಲದ ಪತ್ರಕ್ಕೆ ಸಹಿ ಕೇಳಿದರೆ ಖಂಡಿತ ಹಾಕಬೇಡಿ.