ಒಂದೇ ವೇದಿಕೆಗೆ ಐದು ಬಗೆಯ ಬರಹಗಾರರು

ಕಲಾ ಉತ್ಸವಗಳು ಹತ್ತಿರ ಬಂದವು ಅಂತ ನನಗೆ ಮೊದಲು ಹೇಳುವುದು ನಿಮ್ಮ ಪತ್ರಗಳೇ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅಲ್ಲಿಗೆ ಬರುವ ಲೇಖಕರ ಬಗ್ಗೆ ಇವೆ. ಗೋಷ್ಠಿ ನಡೆಸಿಕೊಡುವ ಕೆಲಸವನ್ನು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ. ಹಾಗಾಗಿ ಈ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಕಲಾ ಉತ್ಸವಕ್ಕೆ ಈ ವರ್ಷ ಮೊದಲ ಸಲ ಬರಹಗಾರರನ್ನೂ ಕರೆದಿದ್ದೇವೆ. ಒಬ್ಬರು ಕವಿ, ಒಬ್ಬರು ಪತ್ತೇದಾರಿ ಕಾದಂಬರಿಕಾರರು, ಒಬ್ಬರು ಮಕ್ಕಳ ಕಥೆಗಾರ್ತಿ, ಒಬ್ಬರು ವಿಜ್ಞಾನ ಲೇಖಕರು, ಇನ್ನೊಬ್ಬರು ಐತಿಹಾಸಿಕ ಕಾದಂಬರಿ ಬರೆಯುವವರು. ಐವರನ್ನೂ ಒಟ್ಟಿಗೆ ಕೂರಿಸಿ ‘ಇಂದಿನ ಸಾಹಿತ್ಯ’ ಅಂತ ಒಂದು ಗಂಟೆಯ ಗೋಷ್ಠಿ ಮಾಡೋಣ ಎನ್ನುತ್ತಿದೆ ಸಮಿತಿ. ನನಗೆ ಯಾಕೋ ಸಮಾಧಾನ ಇಲ್ಲ. ಏನು ಮಾಡಲಿ? (ಉತ್ಸವ ಸಮಿತಿಯ ಕಾರ್ಯದರ್ಶಿ)

ಉತ್ತರ: ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. ಸಮಿತಿಯ ಮುಂದೆ ಗಟ್ಟಿಯಾಗಿ ಹೇಳಿ.

ಮೊದಲು ಲೆಕ್ಕ ನೋಡೋಣ. ಇರುವುದು 60 ನಿಮಿಷ. ಸ್ವಾಗತ, ಐವರ ಪರಿಚಯ ಅಂತ 10 ನಿಮಿಷ ಹೋಯಿತು. ಸಭಿಕರ ಪ್ರಶ್ನೆಗಳಿಗೆ 15 ನಿಮಿಷ ಇಡಲೇಬೇಕು. ಉಳಿದದ್ದು 35. ಹಂಚಿದರೆ ತಲಾ 7 ನಿಮಿಷ, ಅದರಲ್ಲೂ ನಿರ್ವಾಹಕರ ಪ್ರಶ್ನೆಗೆ ಒಂದಷ್ಟು ಹೋಗುತ್ತದೆ. ಒಬ್ಬ ಪತ್ತೇದಾರಿ ಕಾದಂಬರಿಕಾರರು ತಾವು ಬರೆಯುವುದೂ ಸಾಹಿತ್ಯವೇ ಎಂದು ಹೇಳಿ ಮುಗಿಸುವಷ್ಟರಲ್ಲಿ ಕೈಗೆ ಚೀಟಿ ಬಂದಿರುತ್ತದೆ.

ಇಂಥ ತಪ್ಪನ್ನು ನಾನೇ ಮಾಡಿದ್ದೇನೆ. ಹನ್ನೆರಡು ವರ್ಷದ ಹಿಂದಿನ ಮಾತು. ವೇದಿಕೆಯ ಮೇಲೆ ಇಬ್ಬರು ಕವಿಗಳು, ಒಬ್ಬರು ವಿಮರ್ಶಕರು, ತುದಿಯ ಕುರ್ಚಿಯಲ್ಲಿ ಪತ್ತೇದಾರಿ ಕಾದಂಬರಿ ಬರೆಯುವ ಹಿರಿಯರೊಬ್ಬರು. ಕವಿಗಳಿಗೆ ಒಂದೊಂದು ಪದದ ಬಗ್ಗೆ ಪ್ರಶ್ನೆ ಕೇಳಿದೆ. ಇವರಿಗೆ ಕೇಳಿದ್ದು ಒಂದೇ: “ಜನಪ್ರಿಯ ಬರವಣಿಗೆಯನ್ನೇ ಯಾಕೆ ಆಯ್ದುಕೊಂಡಿರಿ?” ಅವರು ಸಭ್ಯವಾಗಿ ಉತ್ತರಿಸಿದರು. ಗೋಷ್ಠಿ ಮುಗಿಯಿತು. ಮೆಟ್ಟಿಲು ಇಳಿಯುವಾಗ ಅವರ ಚೀಲದಿಂದ ಒಂದು ನೋಟ್‌ಬುಕ್ ಹೊರಗೆ ಇಣುಕುತ್ತಿತ್ತು. ಏನು ಸರ್ ಇದು ಎಂದೆ. ಬಿಡಿಸಿ ತೋರಿಸಿದರು. ಚೌಕಳಿ ಹಾಳೆ. ಅಡ್ಡಸಾಲಿನಲ್ಲಿ ಹನ್ನೊಂದು ಪಾತ್ರಗಳ ಹೆಸರು, ಉದ್ದಕ್ಕೆ ಕೊಲೆಯಾದ ದಿನದ ಒಂದೊಂದು ಗಂಟೆ. ಯಾರು ಯಾವ ಹೊತ್ತಿಗೆ ಎಲ್ಲಿದ್ದರು ಅಂತ ಪ್ರತಿ ಚೌಕದಲ್ಲೂ ಪೆನ್ಸಿಲ್ಲಿನಲ್ಲಿ ಬರೆದಿತ್ತು. ಪಾತ್ರ ಸುಳ್ಳು ಹೇಳುವ ಕಡೆ ಕೆಂಪು ಚುಕ್ಕಿ. ಕೊಲೆಗಾರನ ಸಾಲಿನಲ್ಲಿ ಇದ್ದದ್ದು ಒಂದೇ ಚುಕ್ಕಿ. “ಅವನು ಒಂದೇ ಸಲ ಸುಳ್ಳು ಹೇಳ್ತಾನೆ, ಓದುಗರಿಗೆ ನಾನು ಅಷ್ಟು ನ್ಯಾಯ ಮಾಡ್ಲೇಬೇಕು” ಎಂದರು. ಇದನ್ನು ತೋರಿಸಬೇಕು ಅಂತಲೇ ಅವರು ತಂದಿದ್ದರು. ಕೇಳಬೇಕಾದ್ದನ್ನು ನಾನು ಕೇಳಲೇ ಇಲ್ಲ. ಇನ್ನೂರು ಜನ ನೋಡಬಹುದಾಗಿದ್ದ ಆ ಹಾಳೆಯನ್ನು ಅವತ್ತು ನಾನೊಬ್ಬಳೇ ನೋಡಿದೆ. ಆ ಬೇಸರ ಇವತ್ತಿಗೂ ಹೋಗಿಲ್ಲ.

ಅವತ್ತಿನಿಂದ ಲೇಖಕರನ್ನು ಬೇರೆ ಥರ ಜೋಡಿಸುತ್ತೇನೆ. ಪ್ರಕಾರ ನೋಡುವುದಿಲ್ಲ, ಅವರ ಕೆಲಸದ ಕಷ್ಟ ನೋಡುತ್ತೇನೆ. ನಿಮ್ಮ ಪತ್ತೇದಾರಿ ಕಾದಂಬರಿಕಾರರನ್ನೂ ಐತಿಹಾಸಿಕ ಕಾದಂಬರಿಕಾರರನ್ನೂ ಜೊತೆಗೆ ಕೂರಿಸಿ. ಇಬ್ಬರ ಕೆಲಸವೂ ಸಾಕ್ಷ್ಯದ ಜೊತೆ. ಒಬ್ಬರು ಸಾಕ್ಷ್ಯವನ್ನು ತಾವೇ ಹುಟ್ಟಿಸಿ ಬಚ್ಚಿಡಬೇಕು, ಇನ್ನೊಬ್ಬರು ಸಿಕ್ಕ ಚೂರುಪಾರಿನ ನಡುವಿನ ಖಾಲಿ ಜಾಗ ತುಂಬಬೇಕು. ಶಾಸನ ಒಂದು ಹೇಳಿ ಕಥೆ ಇನ್ನೊಂದು ಬೇಡಿದರೆ ಏನು ಮಾಡ್ತೀರಿ ಎಂದು ಕೇಳಿ, ಮುಕ್ಕಾಲು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಕವಿಯನ್ನೂ ವಿಜ್ಞಾನ ಲೇಖಕರನ್ನೂ ಇನ್ನೊಂದು ಜೋಡಿ ಮಾಡಿ. ಕಣ್ಣಿಗೆ ಕಾಣದ್ದನ್ನು ಹೋಲಿಕೆಯಿಂದ ತೋರಿಸುವ ಕೆಲಸ ಇಬ್ಬರಿಗೂ ಇದೆ. ಹೋಲಿಕೆ ಎಲ್ಲಿ ಕೈಕೊಡುತ್ತದೆ ಅನ್ನುವುದು ಇಬ್ಬರಿಗೂ ಗೊತ್ತು.

ಮಕ್ಕಳ ಕಥೆಗಾರ್ತಿಗೆ ಮಾತ್ರ ಬೇರೆಯೇ ಜಾಗ ಕೊಡಿ. ಬೆಳಗಿನ ಹೊತ್ತು ಇರಲಿ, ವೇದಿಕೆ ಬೇಡ. ಮಕ್ಕಳು ಚಾಪೆ ಮೇಲೆ ಕೂತಿದ್ದರೆ ಅವರೂ ಅಲ್ಲೇ ತಗ್ಗಿನ ಸ್ಟೂಲಿನ ಮೇಲೆ ಕೂರಲಿ. ಅವರಿಗೆ ಕಾಲರ್ ಮೈಕ್ ಕೊಡಿ, ಯಾಕೆಂದರೆ ಒಂದು ಕೈಯಲ್ಲಿ ಪುಸ್ತಕ ಇರುತ್ತದೆ, ಇನ್ನೊಂದು ಕೈಯಲ್ಲಿ ಪುಟ ತಿರುಗಿಸಬೇಕು. ಚಿತ್ರ ಬರೆದವರನ್ನೂ ಕರೆಯಿರಿ. ಎಡಿನ್‌ಬರೋ ಪುಸ್ತಕೋತ್ಸವ 1983ರಲ್ಲಿ ಶುರುವಾಯಿತು. ಅಲ್ಲಿ ಮಕ್ಕಳಿಗೆ ಅಂತಲೇ ಬೇರೆ ಕಾರ್ಯಕ್ರಮ ಇರುತ್ತದೆ. ಮಕ್ಕಳ ಲೇಖಕರನ್ನು ದೊಡ್ಡವರ ಗೋಷ್ಠಿಯ ಕೊನೆಗೆ ಅಂಟಿಸುವುದು ಮಕ್ಕಳಿಗೂ ಅನ್ಯಾಯ, ಅವರಿಗೂ ಅನ್ಯಾಯ.

ಇನ್ನೊಂದು ಮಾತು. ನಿರ್ವಾಹಕರು ಆ ಪುಸ್ತಕ ಓದಿರಲೇಬೇಕು. ಬೆನ್ನುಡಿ ಓದಿ ಬಂದವರ ಪ್ರಶ್ನೆ ಲೇಖಕರಿಗೆ ಮೊದಲ ವಾಕ್ಯದಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಅವರು ಮನಸ್ಸು ಬಿಚ್ಚುವುದಿಲ್ಲ.

ಪ್ರಶ್ನೆ: ನನ್ನ ಇಷ್ಟದ ಪತ್ತೇದಾರಿ ಲೇಖಕಿ ಉತ್ಸವಕ್ಕೆ ಬರ್ತಿದ್ದಾರೆ. ಹೊಸ ಕಾದಂಬರಿಯ ಕೊನೆಯ ಬಗ್ಗೆಯೇ ನನಗೆ ಪ್ರಶ್ನೆ ಇದೆ. ಓದದೇ ಇದ್ದವರ ಎದುರು ಕೇಳಿದರೆ ತಪ್ಪಾಗುತ್ತಾ? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಆಗುತ್ತಮ್ಮ. ಸಭೆಯಲ್ಲಿ ಕೇಳಬೇಡ. ಹಸ್ತಾಕ್ಷರದ ಸಾಲಿನಲ್ಲಿ ನಿಂತು, ನಿನ್ನ ಸರದಿ ಬಂದಾಗ ಮೆಲ್ಲಗೆ ಕೇಳು. ತಮ್ಮ ಕೊನೆಯ ಅಧ್ಯಾಯವನ್ನು ಯಾರಾದರೂ ಅಷ್ಟು ಗಮನ ಇಟ್ಟು ಓದಿದ್ದಾರೆ ಅಂದರೆ ಲೇಖಕರಿಗೆ ಖುಷಿ ಆಗುತ್ತದೆ. ಅಗಾಥಾ ಕ್ರಿಸ್ಟಿ ಬರೆದ ಒಂದು ರಹಸ್ಯ ನಾಟಕ 1952ರಲ್ಲಿ ಲಂಡನ್ನಿನ ರಂಗಮಂದಿರಕ್ಕೆ ಬಂತು. ಆಟ ಮುಗಿದ ಮೇಲೆ, ಕೊಲೆ ಮಾಡಿದ್ದು ಯಾರು ಅಂತ ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುವ ರೂಢಿ ಅಲ್ಲಿದೆ. ಎಷ್ಟೋ ದಶಕಗಳಿಂದ ಹೊಸ ಪ್ರೇಕ್ಷಕರು ಬರುತ್ತಲೇ ಇದ್ದಾರೆ. ಗುಟ್ಟು ಕಾಯುವುದರಲ್ಲಿ ಓದುಗರಿಗೂ ಪಾಲಿದೆ ಅಲ್ವಾ?

ಸಭೆಯಲ್ಲಿ ಕೇಳಲೇಬೇಕು ಅನ್ನಿಸಿದರೆ ಹೀಗೆ ಕೇಳು: “ಬರೆಯಲು ಕೂತಾಗಲೇ ಕೊನೆ ಗೊತ್ತಿತ್ತಾ?” ಇದರಿಂದ ಯಾರಿಗೂ ನಷ್ಟ ಇಲ್ಲ.

ಪ್ರಶ್ನೆ: ನನ್ನ ಮೊದಲ ವಿಜ್ಞಾನ ಕಾದಂಬರಿ ಈ ವರ್ಷ ಬಂದಿದೆ. ಉತ್ಸವದಲ್ಲಿ 10 ನಿಮಿಷ ಓದಲು ಕರೆದಿದ್ದಾರೆ. ನನ್ನ ಹಿಂದೆ ಮುಂದೆ ಇರುವವರೆಲ್ಲ ಗಂಭೀರ ಕಥೆಗಾರರು. ಅನ್ಯಗ್ರಹದ ಕಥೆ ಓದಿದರೆ ನಗುತ್ತಾರೇನೋ ಅನ್ನೋ ಭಯ. ಯಾವ ಭಾಗ ಓದಲಿ? (ಹೊಸ ಲೇಖಕ)

ಉತ್ತರ: ಭಯ ಬೇಡ. ನಿಮ್ಮ ಬಗೆಯ ಕಥೆಗೆ ಕಿವಿ ಕೊಡುವವರು ಬಹಳ ಹಿಂದಿನಿಂದಲೂ ಇದ್ದಾರೆ. 1939ರಲ್ಲೇ ನ್ಯೂಯಾರ್ಕಿನಲ್ಲಿ ಸುಮಾರು 200 ಜನ ಸೇರಿ ವಿಜ್ಞಾನ ಕಥೆಗಳ ಮೊದಲ ವಿಶ್ವ ಸಮ್ಮೇಳನ ಮಾಡಿದ್ದರು. ಆದ್ದರಿಂದ ವೇದಿಕೆ ಹತ್ತಿದ ತಕ್ಷಣ “ಇದು ಸುಮ್ನೆ ಕಲ್ಪನೆಯ ಕಥೆ” ಅಂತ ಕ್ಷಮೆ ಕೇಳುವ ಧಾಟಿಯಲ್ಲಿ ಶುರು ಮಾಡಬೇಡಿ. ನೇರ ಓದಿ.

ಯಾವ ಭಾಗ ಅನ್ನುವುದಕ್ಕೆ ಬರುತ್ತೇನೆ. ಮೊದಲ ಅಧ್ಯಾಯ ಬೇಡ. ವಿಜ್ಞಾನ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಗ್ರಹದ ಹೆಸರು, ಯಂತ್ರದ ಹೆಸರು, ಅಲ್ಲಿನ ಕಾಲದ ಲೆಕ್ಕ ಎಲ್ಲ ಇರುತ್ತದೆ. ಓದುವವರಾದರೆ ಹಿಂದಿನ ಪುಟಕ್ಕೆ ಹೋಗಿ ನೋಡಬಹುದು. ಕೇಳುವವರಿಗೆ ಆ ಅನುಕೂಲ ಇಲ್ಲ. ಇಬ್ಬರೇ ಪಾತ್ರ, ಒಂದೇ ಜಾಗ, ಏನೋ ಒಂದು ನಿರ್ಧಾರ ಆಗಬೇಕು, ಅಂಥ ದೃಶ್ಯ ಹುಡುಕಿ. ಹೊಸ ಪದ ಎರಡಕ್ಕಿಂತ ಜಾಸ್ತಿ ಇದ್ದರೆ ಓದುವ ಪ್ರತಿಯಲ್ಲಿ ತೆಗೆದುಬಿಡಿ. ಪುಸ್ತಕದಲ್ಲಿ ಹೇಗೂ ಇರುತ್ತವೆ.

ತೆಗೆಯುವುದಕ್ಕೆ ಸಂಕೋಚ ಬೇಡ. ಚಾರ್ಲ್ಸ್ ಡಿಕನ್ಸ್ 1858ರಿಂದ ಹಣ ಪಡೆದು ಊರೂರು ತಿರುಗಿ ತಮ್ಮ ಕಥೆಗಳನ್ನು ಜನರ ಮುಂದೆ ಓದಿದವರು. ಅದಕ್ಕಾಗಿಯೇ ಬೇರೆ ಪ್ರತಿ ಇಟ್ಟುಕೊಂಡಿದ್ದರು. ಎಷ್ಟೋ ಸಾಲುಗಳನ್ನು ಹೊಡೆದುಹಾಕಿ, ಒತ್ತಿ ಹೇಳಬೇಕಾದ ಕಡೆ ಗೆರೆ ಎಳೆದು, ಯಾವ ದನಿಯಲ್ಲಿ ಓದಬೇಕು ಅಂತ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದರು. ಅಷ್ಟು ದೊಡ್ಡ ಲೇಖಕರೇ ತಮ್ಮ ಸಾಲನ್ನು ಹೊಡೆದುಹಾಕಿದ್ದಾರೆ, ನಾವೂ ಹಾಕಬಹುದು.

ನಾನು ಗಟ್ಟಿಯಾಗಿ ಓದುವಾಗ ನಿಮಿಷಕ್ಕೆ 90 ಪದದ ಸುತ್ತಮುತ್ತ ಆಗುತ್ತದೆ. ನಿಮ್ಮದೂ ಅಷ್ಟೇ ಇದ್ದರೆ 10 ನಿಮಿಷಕ್ಕೆ 700 ಪದ ಸಾಕು. ಉಳಿದದ್ದು ಉಸಿರಿಗೆ, ನೀರಿಗೆ, ಕೂತವರು ಹೊಂದಿಕೊಳ್ಳುವುದಕ್ಕೆ. ಓದುವ ಹಾಳೆ ದೊಡ್ಡ ಅಕ್ಷರದಲ್ಲಿರಲಿ. ವಾಕ್ಯದ ಮಧ್ಯೆ ಪುಟ ಮುಗಿಯದ ಹಾಗೆ ನೋಡಿಕೊಳ್ಳಿ. ಮನೆಯಲ್ಲಿ ನಿಂತುಕೊಂಡೇ ಮೂರು ಸಲ ಓದಿ. ಕೂತು ಓದುವಾಗಿನ ದನಿ ಬೇರೆ, ನಿಂತಾಗಿನದು ಬೇರೆ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ಓದುತ್ತಿದ್ದ ಲೇಖಕರನ್ನು ಹೋದ ವರ್ಷ ಉತ್ಸವದಲ್ಲಿ ಮೊದಲ ಸಲ ನೋಡಿದೆ. ತಡವರಿಸಿದರು, ತಲೆ ಎತ್ತಲೇ ಇಲ್ಲ. ಪುಸ್ತಕಗಳ ಮೇಲಿನ ಪ್ರೀತಿಯೇ ಕಡಿಮೆ ಆದ ಹಾಗಿದೆ. (ನಿವೃತ್ತ ಶಿಕ್ಷಕರು)

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ ಸರ್. ಆದರೆ ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ಬರೆಯುವುದು ಒಬ್ಬರೇ ಕೂತು ಮಾಡುವ ಕೆಲಸ. ಮೈಕ್ ಮುಂದೆ ಮಾತಾಡುವುದು ಬೇರೆಯೇ ವಿದ್ಯೆ. ಲಂಡನ್ನಿನಲ್ಲಿ 1930ರಲ್ಲಿ ಹುಟ್ಟಿದ ಪತ್ತೇದಾರಿ ಲೇಖಕರ ಒಂದು ಸಂಘ ಇದೆ, ಡಿಟೆಕ್ಷನ್ ಕ್ಲಬ್ ಅಂತ. ಅಧ್ಯಕ್ಷೆಯಾಗಿದ್ದ ಡೊರೊಥಿ ಸೇಯರ್ಸ್ 1957ರಲ್ಲಿ ತೀರಿಕೊಂಡ ಮೇಲೆ ಅಗಾಥಾ ಕ್ರಿಸ್ಟಿ ಅವರನ್ನು ಆ ಜಾಗಕ್ಕೆ ಕೇಳಿದರು. ಭಾಷಣ ಮಾಡಲು ಹೇಳಬಾರದು ಅನ್ನುವ ಷರತ್ತಿನ ಮೇಲೆ ಅವರು ಒಪ್ಪಿದರು. ಮಾತಿನ ಕೆಲಸಕ್ಕೆ ಇನ್ನೊಬ್ಬರು ಸಹ ಅಧ್ಯಕ್ಷರಾದರು. ಲೋಕವೆಲ್ಲ ಓದುವ ಲೇಖಕಿಗೇ ವೇದಿಕೆ ಅಷ್ಟು ಕಷ್ಟವಾಗಿತ್ತು.

ಇಂಥವರನ್ನು ಕರೆದಾಗ ಒಂಟಿಯಾಗಿ ಭಾಷಣಕ್ಕೆ ನಿಲ್ಲಿಸದೆ ಎದುರಿಗೆ ಸ್ನೇಹಿತರೊಬ್ಬರನ್ನು ಕೂರಿಸಬೇಕಿತ್ತು. ಇಲ್ಲವೇ ಅವರ ಬರಹವನ್ನು ಬೇರೆ ಯಾರಾದರೂ ಓದಿ, ಅವರು ಸುಮ್ಮನೆ ಕೂತು ಕೇಳಬಹುದಿತ್ತು. ಆ ತಪ್ಪು ನಡೆಸಿಕೊಟ್ಟ ನಮ್ಮಂಥವರದು. ಇವತ್ತು ರಾತ್ರಿ ಅವರ ಪುಸ್ತಕಗಳಲ್ಲಿ ನಿಮಗೆ ತೀರ ಇಷ್ಟವಾದದ್ದನ್ನು ತೆಗೆದು ಹತ್ತು ಪುಟ ಓದಿ ನೋಡಿ. ಆಮೇಲೆ ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ನಾನು ಅನುವಾದಕಿ. ಉತ್ಸವದಲ್ಲಿ ನಾನು ಕನ್ನಡಕ್ಕೆ ತಂದ ಕಾದಂಬರಿಯ ಬಗ್ಗೆಯೇ ಗೋಷ್ಠಿ ಇದೆ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರೇ ಇಲ್ಲ. ಕೇಳುವುದು ಸರಿಯೇ? (ಓದುಗರು)

ಉತ್ತರ: ಸರಿ, ಇವತ್ತೇ ಕೇಳಿ. ಅಲ್ಲಿ ಗಟ್ಟಿಯಾಗಿ ಓದುವ ಒಂದೊಂದು ಕನ್ನಡ ಪದವೂ ನಿಮ್ಮದು. ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ 2016ರಿಂದ ಪ್ರತಿ ವರ್ಷ ಇಂಗ್ಲಿಷಿಗೆ ಅನುವಾದವಾದ ಒಂದು ಪುಸ್ತಕಕ್ಕೆ ಸಿಗುತ್ತಿದೆ. ಹಣದಲ್ಲಿ ಮೂಲ ಲೇಖಕರಿಗೂ ಅನುವಾದಕರಿಗೂ ಸಮ ಪಾಲು. 2025ರಲ್ಲಿ ಅದು ಮೊದಲ ಸಲ ಕನ್ನಡದ ಪುಸ್ತಕಕ್ಕೆ ಬಂದಾಗ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಇಬ್ಬರೂ ಗೆದ್ದರು. ಇದನ್ನು ನೋಡಿ ಹೆಮ್ಮೆಪಟ್ಟವರು ಅನುವಾದಕರ ಹೆಸರನ್ನು ಆಹ್ವಾನದಿಂದ ಬಿಡಬಾರದು. ಕುರ್ಚಿಯನ್ನೂ ಕೇಳಿ, ಬರೀ ಹೆಸರಿಗೆ ಒಪ್ಪಬೇಡಿ.

ಪ್ರಶ್ನೆ: ನಾನು ಐತಿಹಾಸಿಕ ಕಾದಂಬರಿ ಬಿಟ್ಟು ಬೇರೇನೂ ಓದುವುದಿಲ್ಲ. ಉತ್ಸವದಲ್ಲಿ ನನಗೆ ನಾಲ್ಕು ಗೋಷ್ಠಿಗೆ ಮಾತ್ರ ಪುರುಸೊತ್ತು. ಯಾವುದಕ್ಕೆ ಹೋಗಲಿ? (ಬ್ಯಾಂಕ್ ಉದ್ಯೋಗಿ)

ಉತ್ತರ: ಮೂರು ನಿಮ್ಮ ಇಷ್ಟದ್ದು. ನಾಲ್ಕನೆಯದು ನೀವು ಯಾವತ್ತೂ ಕೈಗೆತ್ತಿಕೊಳ್ಳದ ಬಗೆಯದು.

ಒಮ್ಮೆ ಮಳೆ ಬಂತು ಅಂತ ಹತ್ತಿರದ ಸಭಾಂಗಣಕ್ಕೆ ನುಗ್ಗಿದೆ. ಒಬ್ಬ ವಿಜ್ಞಾನ ಲೇಖಕಿ ಮಾತಾಡುತ್ತಿದ್ದರು. ವಿಜ್ಞಾನದ ಪುಸ್ತಕ ನನಗೆ ಒಗ್ಗದು ಅಂದುಕೊಂಡೇ ಹಿಂದಿನ ಸಾಲಿನಲ್ಲಿ ಕೂತೆ. ಅವರು ಮರದ ತೊಗಟೆಯ ಒಂದು ತುಂಡನ್ನೂ ಒಂದು ಪುಟ್ಟ ಮಸೂರವನ್ನೂ ಮುಂದಿನ ಸಾಲಿಗೆ ಕೊಟ್ಟು, ನೋಡಿ ಹಿಂದೆ ಸಾಗಿಸಿ ಎಂದರು. ತೊಗಟೆಯ ಮೇಲೆ ಬೂದುಹಸಿರಿನ ಕಲ್ಲುಹೂವು ಹಬ್ಬಿತ್ತು. ಇದಕ್ಕೆ ಒಂದೇ ಹೆಸರು ಇದೆ, ಆದರೆ ಇದು ಒಂದೇ ಜೀವ ಅಲ್ಲ ಎಂದರು. ಶಿಲೀಂಧ್ರವೊಂದು ಆಸರೆ ಕೊಡುತ್ತದೆ, ಅದರೊಳಗಿನ ಪಾಚಿ ಬಿಸಿಲಿನಿಂದ ಆಹಾರ ಮಾಡುತ್ತದೆ. ಅವರು ಇದನ್ನು ಹೇಳುತ್ತಿದ್ದಾಗಲೇ ತೊಗಟೆ ನನ್ನ ಕೈಗೆ ಬಂತು. ಮಸೂರದ ಕೆಳಗೆ ಅಂಚು ಸುಕ್ಕುಸುಕ್ಕಾಗಿ, ನಡುವೆ ಸಣ್ಣ ಬಟ್ಟಲಿನಂಥ ಗುಳಿಗಳು ಕಂಡವು. ಪಕ್ಕದವರು ಎರಡು ಸಲ ಕೈ ಚಾಚಿದ ಮೇಲೇ ಕೊಟ್ಟೆ.

ಮಳೆ ಯಾವಾಗ ನಿಂತಿತೋ ಗೊತ್ತಿಲ್ಲ. ಅವರ ಪುಸ್ತಕ ಕೊಂಡು, ಸಾಲಿನಲ್ಲಿ ನಿಂತು, ಆ ಮಸೂರ ಎಲ್ಲಿ ಸಿಗುತ್ತದೆ ಅಂತ ಕೇಳಿಕೊಂಡು ಬಂದೆ. ಅಂಥದ್ದೇ ಒಂದು ಈಗ ನನ್ನ ಚೀಲದಲ್ಲಿ ಇರುತ್ತದೆ.