ದಿನಕ್ಕೊಂದು ಚಮಚ ನೀರು, ಕೊಳೆತ ಕಳ್ಳಿ

ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಉಳಿದವರು ಚುಟುಕು ಉತ್ತರಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮರುಭೂಮಿಯ ಗಿಡವಲ್ಲವೇ ಎಂದು ಕಳ್ಳಿಗೆ ದಿನಕ್ಕೆ ಒಂದೇ ಚಮಚ ನೀರು ಹಾಕುತ್ತೇನೆ. ಆದರೂ ಬುಡ ಕಂದಾಗಿ ಮೆತ್ತಗಾಗಿದೆ. ನೀರು ಸಾಲಲಿಲ್ಲವೇ? ಉಳಿಸಿಕೊಳ್ಳಬಹುದೇ?

ಉತ್ತರ: ಆ ಚಮಚವೇ ಗಿಡಕ್ಕೆ ಮುಳುವಾಗಿದ್ದು. ಮರುಭೂಮಿಯಲ್ಲಿ ಮಳೆ ದಿನಾ ಚೂರು ಚೂರು ಬೀಳುವುದಿಲ್ಲ. ಬಂದರೆ ನೆಲ ತೊಯ್ಯುವಂತೆ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ಪತ್ತೆ ಇರುವುದಿಲ್ಲ. ಕಳ್ಳಿಯ ಬೇರು ಹೊಂದಿಕೊಂಡಿರುವುದು ಅದಕ್ಕೆ. ದಿನಾ ಚಮಚ ನೀರು ಹಾಕಿದರೆ ಬುಡಕ್ಕೆ ತಾಗಿದ ಮೇಲ್ಮಣ್ಣು ಸದಾ ಒದ್ದೆ, ಕೆಳಗಿನ ಸಣ್ಣ ಬೇರುಗಳು ಒಣಗಿ ಸಾಯುತ್ತವೆ. ಫ್ಯುಸೇರಿಯಂ, ಪೈಥಿಯಂನಂಥ ಕೊಳೆರೋಗ ತರುವ ಸೂಕ್ಷ್ಮಜೀವಿಗಳಿಗೆ ಬೇಕಾದ್ದೇ ಅದು.

ಮೊದಲು ಕೊಳೆ ಹೌದೋ ಅಲ್ಲವೋ ನೋಡಿ. ಬುಡ ಕಂದಾಗಿದ್ದರೂ ಒತ್ತಿದಾಗ ಗಟ್ಟಿಯಾಗಿ, ಒಣಗಿದ ತೊಗಟೆಯ ಹಾಗಿದ್ದರೆ ಅದು ಬರೀ ವಯಸ್ಸು, ಮುಟ್ಟಬೇಡಿ. ಬೆರಳು ಒಳಗಿಳಿದರೆ ಕೊಳೆ. ಆಗ ನಾಳೆ ನೋಡೋಣ ಅನ್ನಬೇಡಿ. ಹರಿತವಾದ ಚಾಕುವನ್ನು ಶೇ 70ರ ಆಲ್ಕೋಹಾಲಿನಲ್ಲಿ ಒರೆಸಿ, ಕೊಳೆತ ಭಾಗದಿಂದ ಮೇಲಕ್ಕೆ ಅಡ್ಡಲಾಗಿ ಕತ್ತರಿಸಿ. ಕತ್ತರಿಸಿದ ಮುಖದಲ್ಲಿ ಒಂದು ಉಂಗುರ ಕಾಣುತ್ತದೆ, ನೀರು ಸಾಗಿಸುವ ನಾಳಗಳದ್ದು. ಕೊಳೆ ಹೆಚ್ಚಾಗಿ ಮೇಲೇರುವುದು ಅದರೊಳಗಿಂದಲೇ. ಸುತ್ತಲಿನ ತಿರುಳು ಎಷ್ಟೇ ಚೊಕ್ಕವಾಗಿರಲಿ, ಉಂಗುರದಲ್ಲಿ ಸೂಜಿಮೊನೆಯಷ್ಟು ಕಿತ್ತಳೆ ಅಥವಾ ಕಂದು ಚುಕ್ಕೆ ಉಳಿದಿದ್ದರೂ ಕೆಲಸ ಮುಗಿದಿಲ್ಲ. ಅರ್ಧ ಸೆಂಟಿಮೀಟರ್ ದಪ್ಪದ ಇನ್ನೊಂದು ಬಿಲ್ಲೆ ತೆಗೆಯಿರಿ, ಪ್ರತಿ ಸಲವೂ ಚಾಕು ಒರೆಸಿ. ಒರೆಸದಿದ್ದರೆ ರೋಗವನ್ನು ನೀವೇ ಮೇಲಕ್ಕೆ ಹತ್ತಿಸಿದಂತೆ. ಚುಕ್ಕೆ ತುದಿಯವರೆಗೂ ಹೋಗಿದ್ದರೆ ಗಿಡ ಬಿಸಾಡಿ.

ಚೊಕ್ಕ ಮುಖ ಸಿಕ್ಕ ಮೇಲೆ ಅದರ ಅಂಚನ್ನು ಪೆನ್ಸಿಲ್ ಹೆರೆದ ಹಾಗೆ ಸುತ್ತಲೂ ಓರೆಯಾಗಿ ಹೆರೆಯಿರಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒಣಗುವಾಗ ನಡುವಿನ ತಿರುಳು ಒಳಕ್ಕೆ ಕುಗ್ಗುತ್ತದೆ, ದಪ್ಪ ಸಿಪ್ಪೆ ಕುಗ್ಗುವುದಿಲ್ಲ. ಹೆರೆಯದಿದ್ದರೆ ಹೊಸ ಬೇರು ಹೊರಡುವ ಉಂಗುರ ಗುಳಿಯೊಳಗೆ ಸೇರಿಕೊಂಡು, ಬೇರಿಗೆ ಮಣ್ಣೇ ಸಿಗುವುದಿಲ್ಲ. ಗಾಯಕ್ಕೆ ಗಂಧಕದ ಪುಡಿ ಸವರಿ, ನೆರಳಲ್ಲಿ ಗಾಳಿಯಾಡುವ ಕಡೆ ನೆಟ್ಟಗೆ ನಿಲ್ಲಿಸಿ. ಮಲಗಿಸಿಟ್ಟರೆ ತುದಿ ಬೆಳಕಿನ ಕಡೆ ಸೊಟ್ಟಗಾಗುತ್ತದೆ. ಗಾಯ ಒಣಗಲು ಬೆರಳು ದಪ್ಪದ ತುಂಡಿಗೆ ಒಂದು ವಾರ, ಮುಂಗೈ ದಪ್ಪದ್ದಕ್ಕೆ ಮೂರು ನಾಲ್ಕು ವಾರ. ಜೇನು ಹಚ್ಚಿ ಎನ್ನುವ ವಿಡಿಯೊಗಳಲ್ಲಿ ಆ ಗಿಡ ಆಮೇಲೆ ಏನಾಯಿತೆಂದು ಯಾರೂ ತೋರಿಸುವುದಿಲ್ಲ, ಗಮನಿಸಿದ್ದೀರಾ?

ಮಣ್ಣಿಗೆ 3ರಿಂದ 6 ಮಿಲಿಮೀಟರ್ ಗಾತ್ರದ ಪ್ಯೂಮಿಸ್ (ತೂತುತೂತಾದ ಹಗುರ ಕಲ್ಲು) ಅಥವಾ ಕಲ್ಲುಚೂರು ಎರಡು ಪಾಲು, ಕಳಿತ ಎಲೆಗೊಬ್ಬರ ಒಂದು ಪಾಲು. 2 ಮಿಲಿಮೀಟರ್‌ಗಿಂತ ಸಣ್ಣ ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ. ಸಂದುಗಳನ್ನು ತುಂಬಿ ಬೇರಿಗೆ ಗಾಳಿ ತಪ್ಪಿಸುವುದು ಅದೇ. ಇದೇ ಕಾರಣಕ್ಕೆ ನುಣುಪು ಮರಳೂ ಬೇಡ. ಕುಂಡದ ತಳಕ್ಕೆ ಜಲ್ಲಿ ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬುದು ಸುಳ್ಳು. ಮೇಲಿನ ಸಣ್ಣ ಕಣಗಳು ನೀರನ್ನು ಜಲ್ಲಿಗೆ ಬಿಟ್ಟುಕೊಡದೆ ಹಿಡಿದಿಡುತ್ತವೆ, ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ಕುಂಡ ಗಿಡಕ್ಕಿಂತ ಎರಡು ಮೂರು ಸೆಂಟಿಮೀಟರ್ ಅಗಲವಿದ್ದರೆ ಸಾಕು.

ತುಂಡನ್ನು ಒಣಮಣ್ಣಿನಲ್ಲಿ ಒಂದೆರಡು ಸೆಂಟಿಮೀಟರ್ ಮಾತ್ರ ಊರಿ, ಎರಡು ಮೂರು ವಾರ ನೀರು ಮುಟ್ಟಿಸಬೇಡಿ. ಮೆಲ್ಲಗೆ ಎಳೆದಾಗ ಬೇರು ಹಿಡಿದದ್ದು ತಿಳಿದರೆ, ತಳದ ತೂತಿನಿಂದ ಹರಿಯುವಷ್ಟು ನೀರು ಹಾಕಿ. ಆಮೇಲೆ ಮರದ ಕಡ್ಡಿಯನ್ನು ತಳದವರೆಗೆ ಚುಚ್ಚಿ ತೆಗೆದಾಗ ಒಣಗಿ ಬರುವ ತನಕ ಸುಮ್ಮನಿರಿ. ಎಷ್ಟು ದಿನಕ್ಕೊಮ್ಮೆ ಎಂದು ದಯವಿಟ್ಟು ಕೇಳಬೇಡಿ, ಕಡ್ಡಿಯನ್ನು ಕೇಳಿ. ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಇಳಿದರೆ ನೀರು ಬಂದ್. ರಾತ್ರಿಯೂ ಧಗೆ ಇಳಿಯದ ದಿನಗಳಲ್ಲೂ ಕೈ ಬಿಗಿಹಿಡಿಯಿರಿ. ಕಳ್ಳಿ ತನ್ನ ರಂಧ್ರಗಳನ್ನು ತೆರೆದು, ಆಹಾರ ತಯಾರಿಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ಮ್ಯಾಲಿಕ್ ಆಮ್ಲವಾಗಿ ಕೂಡಿಡುವುದು ರಾತ್ರಿಯ ತಂಪಿನಲ್ಲಿ. ತಂಪಿಲ್ಲದಿದ್ದರೆ ಆ ಕೆಲಸ ಕುಂಟುತ್ತದೆ, ಹಾಕಿದ ನೀರು ಹಾಗೇ ನಿಲ್ಲುತ್ತದೆ.

ಪ್ರಶ್ನೆ: ಕಂಪ್ಯೂಟರ್ ಪಕ್ಕ ಇಟ್ಟ ಕಳ್ಳಿ ವಿಕಿರಣ ಹೀರುತ್ತದೆಯೇ?

ಉತ್ತರ: ಇಲ್ಲ. ಬಿಸಿಲಿಲ್ಲದೆ ಸೊರಗುತ್ತದೆ, ಅಷ್ಟೇ.

ಪ್ರಶ್ನೆ: ಹಸಿರು ಕಾಂಡದ ಮೇಲಿರುವ ಕೆಂಪು ಚೆಂಡಿನಂಥ ಕಳ್ಳಿಯನ್ನು ಬೇರ್ಪಡಿಸಿ ನೆಡಬಹುದೇ?

ಉತ್ತರ: ನೆಟ್ಟರೆ ಸಾಯುತ್ತದೆ. ಅದು ಪತ್ರಹರಿತವಿಲ್ಲದ ಜಿಮ್ನೊಕ್ಯಾಲಿಸಿಯಂ, ಕಸಿ ಕಟ್ಟಿದ ಕೆಳಗಿನ ಕಾಂಡವೇ ಅದಕ್ಕೆ ಅನ್ನದಾತ.

ಪ್ರಶ್ನೆ: ಮರುಭೂಮಿಯಲ್ಲಿ ದಾರಿ ತಪ್ಪಿದರೆ ಕಳ್ಳಿ ಕಡಿದು ನೀರು ಕುಡಿಯಬಹುದಂತೆ?

ಉತ್ತರ: ಸಿನಿಮಾದಲ್ಲಿ. ಒಳಗಿರುವುದು ಶುದ್ಧ ನೀರಲ್ಲ, ಲೋಳೆಯಂಥ ತಿರುಳು. ಬಹಳಷ್ಟು ಜಾತಿಗಳಲ್ಲಿ ಆಕ್ಸಲೇಟ್, ಆಲ್ಕಲಾಯ್ಡ್‌ಗಳಿರುತ್ತವೆ. ವಾಂತಿ ಭೇದಿಯಾಗಿ ಮೈಯಲ್ಲಿದ್ದ ನೀರೂ ಹೋಗುತ್ತದೆ. ಮುರಿದಾಗ ಬಿಳಿ ಹಾಲು ಬಂದರೆ ಅದು ಹೆಚ್ಚಾಗಿ ಯುಫೋರ್ಬಿಯಾ, ಕಳ್ಳಿಯಂತೆ ಕಾಣುವ ಬೇರೆ ಕುಟುಂಬದ ಗಿಡ. ಆ ಹಾಲು ಕಣ್ಣಿಗೆ ಬಿದ್ದರೆ ತಕ್ಷಣ ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರ ಬಳಿ ಓಡಿ.

ಪ್ರಶ್ನೆ: ಒಂಟೆಯ ಡುಬ್ಬದಲ್ಲಿ ಎಷ್ಟು ಲೀಟರ್ ನೀರಿರುತ್ತದೆ?

ಉತ್ತರ: ಅದು ಕೊಬ್ಬು. ಇನ್ನೂ ಎಷ್ಟು ವರ್ಷ ಹೇಳಬೇಕು?

ಪ್ರಶ್ನೆ: ಸಾಂಡಾ ಎಣ್ಣೆ ಕೀಲುನೋವಿಗೂ ಗಂಡಸುತನಕ್ಕೂ ರಾಮಬಾಣವಂತೆ, ನಿಜವೇ?

ಉತ್ತರ: ಶುದ್ಧ ಮೋಸ. ಥಾರ್ ಮರುಭೂಮಿಯ ಮುಳ್ಳುಬಾಲದ ಹಲ್ಲಿಯ ಕೊಬ್ಬನ್ನು ಕರಗಿಸಿದರೆ ಬರುವ ಜಿಡ್ಡು ಅದು, ಬೇರೆ ಯಾವ ಗುಣವೂ ಇಲ್ಲ. ಹೆಚ್ಚಾಗಿ ಎಲೆ, ಹೂ ತಿಂದುಕೊಂಡು, ರಾತ್ರಿ ಬಿಲದ ಬಾಯಿಗೆ ಮಣ್ಣು ಮುಚ್ಚಿ ಮಲಗುವ ನಿರುಪದ್ರವಿ ಪ್ರಾಣಿ. ಹಿಡಿದವರು ಅದು ಓಡದಂತೆ ಬೆನ್ನುಮೂಳೆ ಮುರಿದು, ಗಿರಾಕಿ ಬರುವ ತನಕ ಜೀವಂತ ಇಡುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಶೀಶೆ ಕೊಂಡವರಿಗೂ ಕೇಸು ತಪ್ಪಿದ್ದಲ್ಲ. ಕೀಲುನೋವಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.