ಆಟಿಸಂ ಇರುವ ಮಗ ಹಲ್ಲಿನ ಡಾಕ್ಟರ್ ಕುರ್ಚಿ ಕಂಡರೇ ಕಿರುಚುತ್ತಾನೆ, ಏನು ಮಾಡಲಿ?

ಅದು ಹಟ ಅಲ್ಲ, ಮೊದಲು ಇದನ್ನು ಮನೆಯವರಿಗೆಲ್ಲ ಹೇಳಿಬಿಡಿ. ನಮಗೆ ಬರೀ ಕಿರಿಕಿರಿ ಅನ್ನಿಸುವುದು ಇಂಥ ಎಷ್ಟೋ ಮಕ್ಕಳಿಗೆ ತಡೆಯಲಾರದ ಹಿಂಸೆ. ಕಣ್ಣಿಗೇ ಹೊಡೆಯುವ ದೀಪ, ಹಲ್ಲು ಉಜ್ಜುವ ಯಂತ್ರದ ಗುಂಯ್ ಸದ್ದು, ನಾಲಿಗೆಗೆ ತಾಗುವ ಗ್ಲೌಸಿನ ರಬ್ಬರ್ ರುಚಿ, ಇದ್ದಕ್ಕಿದ್ದಂತೆ ಹಿಂದಕ್ಕೆ ವಾಲುವ ಕುರ್ಚಿ, ಇಷ್ಟೂ ಒಟ್ಟಿಗೇ ಬಂದರೆ ಮಗು ಕಿವಿ ಮುಚ್ಚಿಕೊಂಡು ಕಿರುಚದೆ ಇನ್ನೇನು ಮಾಡೀತು?

ಲಾಸ್ ಏಂಜಲೀಸ್‌ನಲ್ಲಿ 6ರಿಂದ 12 ವರ್ಷದ 162 ಮಕ್ಕಳನ್ನು ಸೇರಿಸಿಕೊಂಡು ಮಾಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕೋಣೆಯ ಬೆಳಕು ತಗ್ಗಿಸಿ, ಮೆಲ್ಲಗೆ ಸಂಗೀತ ಹಾಕಿ, ಮೈಯನ್ನು ಹಿತವಾಗಿ ಒತ್ತುವ ಹೊದಿಕೆ ಸುತ್ತಿ ಹಲ್ಲು ಕ್ಲೀನ್ ಮಾಡಿದರು. ಗಾಬರಿಯಾದರೆ ಕೈ ಬೆವರುತ್ತದೆ ಅಲ್ವಾ, ಚರ್ಮದಲ್ಲಾಗುವ ಆ ಬದಲಾವಣೆಯನ್ನೇ ಅಳೆದು ನೋಡಿದಾಗ ಮಾಮೂಲಿ ಕೋಣೆಗಿಂತ ಒತ್ತಡ ಕಡಿಮೆ ಇತ್ತು.

ಹಾಗಾಗಿ ಡಾಕ್ಟರಿಗೆ ಮೊದಲೇ ಫೋನ್ ಮಾಡಿ ಮಗುವಿಗೆ ಏನು ಆಗಿಬರಲ್ಲ ಅಂತ ಹೇಳಿ. ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಕೇಳಿ, ಕಾಯುವುದರಲ್ಲೇ ಗಾಬರಿ ಜಾಸ್ತಿಯಾಗುತ್ತದೆ. ಮೊದಲ ಸಲ ಸುಮ್ನೆ ಕುರ್ಚಿಯಲ್ಲಿ ಕೂತು ಬರಲಿ, ಅಷ್ಟೇ ಸಾಕು. ಕಪ್ಪು ಕನ್ನಡಕ, ಹೆಡ್‌ಫೋನ್ ಜೊತೆಗಿರಲಿ. ಪುದೀನ ರುಚಿ ಆಗದಿದ್ದರೆ ಮನೆಯ ಪೇಸ್ಟನ್ನೇ ಒಯ್ಯಿರಿ.